ಕೊಕ್ಕೆಯಿಲ್ಲದ ಚಾಕು: ಕಂತು ಏಳು

“ಹತ್ತು ನಿಮಿಷ,” ಅಂದರು ಪಿಎಸ್‌ಐ ಮಯೂರಿ. “ಗ್ಲೌಸ್ ಹಾಕ್ಕೋರಿ. ಎಲ್ಲಾ ತೆರೆದು ನೋಡ್ರಿ. ಆದ್ರ ಏನೂ ಕಿತ್ತು ತೆಗೀಬ್ಯಾಡ್ರಿ.”

ಪ್ಲಾಸ್ಟಿಕ್ ಚೀಲದಿಂದ ಅದು ಮೇಜಿನ ಮೇಲಿನ ಬಿಳಿ ಕಾಗದಕ್ಕೆ ಜಾರಿ ಬಿತ್ತು. ಕೆಂಪು ಹಿಡಿಯ ಸ್ವಿಸ್ ಚಾಕು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಹೊಟ್ಟೆಯೊಳಗೆ ಮಾತ್ರ ಬಡಿಗನ ಪೆಟ್ಟಿಗೆಯಷ್ಟು ಹತಾರ.

ಹೋದ ತಿಂಗಳ ಕೊನೆಯ ಗುರುವಾರ, ಬಾದಾಮಿ ಹತ್ತಿರದ ಶಿವಯೋಗ ಮಂದಿರದ ಆಚೆ ಮಲಪ್ರಭೆಯ ಮರಳಿನಲ್ಲಿ ಇಳಕಲ್ಲಿನ ಸೀರೆ ವ್ಯಾಪಾರಿ ರಾಜಕುಮಾರ ಹೆಣವಾಗಿ ಬಿದ್ದಿದ್ದ. ಅವನ ಬೆನ್ನ ಕೆಳಗೆ ಇದು ಸಿಕ್ಕಿತ್ತು. ಇದರ ದೆಸೆಯಿಂದ ಹುಚ್ಚೇಶನೆಂಬ ನೇಕಾರ ಇಪ್ಪತ್ತು ದಿನಗಳಿಂದ ಒಳಗಿದ್ದಾನೆ. ಹುಚ್ಚೇಶನ ಹತ್ತಿರ ಕೆಂಪು ಚಾಕು ಇತ್ತು, ಓಣಿಯವರೆಲ್ಲ ನೋಡಿದ್ದಾರೆ, ಈಗ ಅದೆಲ್ಲಿ ಎಂದರೆ ಬಸ್ಸಿನಲ್ಲಿ ಕಳೆಯಿತು ಅನ್ನುತ್ತಾನೆ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ದೂರದಿಂದ ನೋಡುವವನಿಗೆ ಎಮ್ಮೆಗಳೆಲ್ಲ ಕಪ್ಪೇ. ಹಾಲು ಕರೆಯುವವನಿಗೆ ಮಾತ್ರ ತನ್ನದು ಯಾವುದು ಎಂದು ಗೊತ್ತಿರುತ್ತದೆ. ನಾನು ಹದಿನಾಲ್ಕು ವರ್ಷ ಬೆರಳಚ್ಚಿನ ವಿಭಾಗದಲ್ಲಿ ಮಂದಿಯ ಹೆಬ್ಬೆಟ್ಟು ನೋಡಿ ಬೇಸತ್ತು ಹೊರಬಿದ್ದವನು. ಈಗ ಕೆರೂರಿನ ಬಸ್‌ಸ್ಟ್ಯಾಂಡ್ ಎದುರು ಬೀಗ, ಕುಕ್ಕರು, ಚಾಕು ರಿಪೇರಿ ಮಾಡುತ್ತೇನೆ. ಮತೀನನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಯಾರಾದರೂ ಕೇಳಿಕೊಂಡರೆ ಇಂಥ ಕೆಲಸವನ್ನೂ ಹಿಡಿಯುತ್ತೇನೆ.

ಈ ಸಲ ಕೇಳಿಕೊಂಡವಳು ಹುಚ್ಚೇಶನ ತಾಯಿ ಕಾಳವ್ವ. ಅವಳು ಹೊರಗೆ ಬಾದಾಮಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬರುವ ಮೊದಲು ನಾನು ಅವಳನ್ನು ಅಲ್ಲಿಯೇ ನಿಲ್ಲಿಸಿ ಒಂದು ಮಾತು ಹೇಳಿದ್ದೆ.

“ನಿಮ್ಮ ಮಗಂದ ಅಂತ ಗೊತ್ತಾದ್ರ ನಾ ಅದನ್ನೂ ಹೇಳಾಂವ, ಕಾಳವ್ವಾರ. ಆಮ್ಯಾಲೆ ನನ್ನ ಅಂಗಡಿ ಮುಂದ ಬಂದು ಅಳಬಾರದು. ಬನಶಂಕರಿ ಆಣಿ ಮಾಡ್ರಿ.”

ಮಗ ಜೈಲಿನಲ್ಲಿರುವ ತಾಯಿಯ ಹತ್ತಿರ ಆಡುವ ಮಾತಲ್ಲ ಅದು. ನನಗೆ ಗೊತ್ತು. ಆದರೆ ಅಳುವವರ ನಡುವೆ ಕೆಲಸ ಮಾಡಿ ನನಗೆ ಸಾಕಾಗಿತ್ತು.

ಅವಳು ಬಗ್ಗಿ ನೆಲ ಮುಟ್ಟಿದಳು. “ಬನಶಂಕರಿ ಆಣಿ, ಅಳೂದಿಲ್ಲ,” ಅಂದಳು. ಆಮೇಲೆ ಎದ್ದು ನಿಂತು ನನ್ನ ಮುಖವನ್ನೇ ನೋಡಿದಳು. “ಈಗ ನೀವ ಮಾಡ್ರಿ. ಯಾರ ಹೆಸರು ಬಂದ್ರೂ ನನ್ನ ಮುಂದ ಬಾಯಿಬಿಟ್ಟು ಹೇಳ್ತೇನಿ ಅನ್ರಿ. ದೊಡ್ಡ ಮಂದಿ ಹೆಸರು ಬಂದ್ರ ಎಲ್ಲಾರೂ ನುಂಗತಾರ. ನಾ ಭಾಳ ನೋಡೇನಿ.”

“ನಮ್ಮ ತಾಯಾಣಿ, ಹೇಳ್ತೇನಿ,” ಅಂದೆ. ಹಾಗೆ ಅನ್ನುವುದಕ್ಕೆ ಏನು ಹೋಗುತ್ತದೆ ಎಂದುಕೊಂಡಿದ್ದೆ.

ಮೊದಲು ದೊಡ್ಡ ಅಲಗು ತೆರೆದೆ, ಆಮೇಲೆ ಚಿಕ್ಕ ಅಲಗು. ಡಬ್ಬಿ ಕೊಯ್ಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ನಡುವೆ ಒಂದು ಪುಟ್ಟ ಕತ್ತರಿ. ಕತ್ತರಿ ಇನ್ನೂ ಚೂಪಾಗಿತ್ತು. ಯಾರೋ ಅದನ್ನು ವರ್ಷಗಟ್ಟಲೆ ಬಳಸಿದ್ದಾರೆ, ಜೋಪಾನವಾಗಿ ಸಾಣೆಗೂ ಹಿಡಿದಿದ್ದಾರೆ.

ಬೆನ್ನಿನ ಬದಿ ತಿರುಗಿಸಿದೆ. ಅಲ್ಲಿ ದಬ್ಬಳವಿತ್ತು, ಅದರ ನಡುವೆ ನೂಲು ಪೋಣಿಸುವ ತೂತಿತ್ತು.

“ಬರಕೋರಿ ಮೇಡಂ. ಈ ತೂತು ಐತಲ್ಲ, ಎಂಬತ್ತೈದರ ಸುಮಾರಿಗೆ ಬಂದದ್ದು. ಅದಕ್ಕಿಂತ ಹಳೇ ಚಾಕುವಿನ ದಬ್ಬಳಕ್ಕ ತೂತು ಇರ್ತಿರಲಿಲ್ಲ.”

“ಮುಂದ?”

“ಕತ್ರಿ ಇರೋ ಈ ಜಾತಿ ಚಾಕುವಿಗೆ ಬೆನ್ನಿನ ಮ್ಯಾಲೆ ಒಂದು ಕೊಕ್ಕಿ ಇರ್ತೈತ್ರಿ, ಗಂಟು ಹಿಡದು ಎತ್ತಾಕ. ಅದು ಬಂದದ್ದು ತೊಂಬತ್ತೊಂದರಾಗ. ಇದಕ್ಕ ಕೊಕ್ಕಿ ಇಲ್ಲ. ಮುರದೂ ಇಲ್ಲ, ಕಿತ್ತೂ ಇಲ್ಲ. ಅದು ಕೂಡೋ ಜಾಗಾನ ಇಲ್ಲ. ಎಂಬತ್ತೈದರಿಂದ ತೊಂಬತ್ತೊಂದರ ಒಳಗ ಹುಟ್ಟಿದ ಚಾಕು ಇದು.”

ಮಯೂರಿ ಬರೆಯುವುದನ್ನು ನಿಲ್ಲಿಸಿದರು. “ಹುಚ್ಚೇಶಂದು?”

“ಅವನ ಅವ್ವನ್ನ ಒಳಗ ಕರೀರಿ.”

ಕಾಳವ್ವ ಒಳಗೆ ಬಂದು ಬಾಗಿಲ ಬಳಿ ನಿಂತಳು. ನಾನು ಚಾಕು ತೋರಿಸಲಿಲ್ಲ, ಯಾವ ಉತ್ತರ ಬೇಕು ಎಂಬ ಸುಳಿವನ್ನೂ ಕೊಡಲಿಲ್ಲ. “ನಿಮ್ಮ ಮಗ ಆ ಚಾಕುಲೇ ಏನು ಕೆಲಸ ಮಾಡ್ತಿದ್ದ?” ಅಂದೆ. ತಪ್ಪು ಹೇಳಿದರೆ ಮಗ ಹೋಗುತ್ತಾನೆ, ಸರಿ ಹೇಳಿದರೆ ಉಳಿಯುತ್ತಾನೆ, ಯಾವುದು ಸರಿ ಎಂದು ಅವಳಿಗೆ ಗೊತ್ತಿಲ್ಲ. ಅವಳ ತುಟಿ ಒಣಗಿಹೋಯಿತು.

“ಕೊಂಡಿ ಎಳೀತಿದ್ದರಿ,” ಅಂದಳು ಕೊನೆಗೆ.

“ಬಿಡಿಸಿ ಹೇಳ್ರಿ.”

“ಸೀರಿ ಒಡಲಿನ ಹಾಸು ಬ್ಯಾರೆ, ಸೆರಗಿನ ಕೆಂಪು ರೇಷ್ಮಿ ಹಾಸು ಬ್ಯಾರೆ ಇರ್ತೈತ್ರಿ. ಎರಡನ್ನೂ ಎಳಿ ಎಳಿಗೆ ಕೊಂಡಿ ಹಾಕಿ ಜೋಡಸ್ತೇವಿ. ಎಲ್ಲಾರೂ ಬೆರಳಿಲೇ ಎಳೀತಾರ. ಇಂವ ಆ ಚಾಕುವಿನ ಕೊಕ್ಕಿಲೇ ಎಳೀತಿದ್ದ. ಅದಕ್ಕ ಓಣ್ಯಾಗ ಎಲ್ಲಾರೂ ನೋಡಾಕ ಬರ್ತಿದ್ರು. ಮೊಬೈಲಿನಾಗ ಐತ್ರಿ, ಸೊಸಿ ತಗದಾಳ.”

ವಿಡಿಯೊದಲ್ಲಿ ಮಗ್ಗದ ಮುಂದೆ ಹುಚ್ಚೇಶ ನಗುತ್ತಿದ್ದ. ಕೈಯಲ್ಲಿ ಕೆಂಪು ಚಾಕು, ಬೆನ್ನಿನಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕೆಂಪು ರೇಷ್ಮೆಯ ಎಳೆ. ಮಯೂರಿ ಅದನ್ನು ಎರಡು ಸಲ ನೋಡಿದರು.

“ಇದು ಅವಂದಲ್ಲ ಅಂತ ನನಗ ಖಾತ್ರಿ ಆತು,” ಅಂದರು ಅವರು, ಕಾಳವ್ವ ಹೊರಗೆ ಹೋದ ಮೇಲೆ. “ಆದ್ರ ಕೋರ್ಟಿನಾಗ ವಕೀಲರು ಏನಂತಾರ ಹೇಳಲೇನು? ಅವನ ಕಡೆ ಎರಡು ಚಾಕು ಇದ್ವು ಅಂತಾರ. ಅವಂದಲ್ಲ ಅಂದ್ರ ಸಾಲೂದಿಲ್ಲ ಮತೀನರ. ಯಾರದು ಅಂತ ಬೇಕು. ನಾಳೆ ಹನ್ನೊಂದಕ್ಕ ಅವನ್ನ ಹಾಜರು ಮಾಡೂದದ.”

ಇನ್ನೂ ಮೂರು ನಿಮಿಷ ಉಳಿದಿತ್ತು.

ದಬ್ಬಳದ ಪಕ್ಕದಲ್ಲಿ ಬಾಟಲಿಯ ಬೂಚು ತೆಗೆಯುವ ಸುರುಳಿ ತಿರುಪು ಇರಬೇಕು. ಅದರ ಬುಡದ ಮೋಟು ಮಾತ್ರ ಉಳಿದಿತ್ತು. ಪಂಚನಾಮೆಯಲ್ಲಿ ‘ಹೊಡೆದಾಟದಲ್ಲಿ ಮುರಿದಿದೆ’ ಎಂದು ಬರೆದಿದ್ದರು. ಆ ತುಂಡಿಗಾಗಿ ಇಬ್ಬರು ಪೇದೆಗಳು ಎರಡು ದಿನ ಹೊಳೆಯ ಮರಳು ಸೋಸಿದ್ದರಂತೆ. ನನಗೆ ನಗು ತಡೆಯಲಾಗಲಿಲ್ಲ.

ಅದು ಮುರಿದದ್ದಲ್ಲ, ಕೊಯ್ದದ್ದು. ಕೊಯ್ದ ಮೇಲೆ ಅರ ಹಾಕಿ ಅಂಚು ಉರುಟು ಮಾಡಿದ್ದರು, ಬೆರಳಿಗೆ ತಗಲದಂತೆ. ಮೋಟಿನ ಮೇಲೆ ಅಕ್ಕಪಕ್ಕ ಎರಡು ಚುಕ್ಕಿ ಹೊಡೆದಿತ್ತು.

ಭೂತಗನ್ನಡಿ ಕೈಯಲ್ಲಿ ಹಾಗೆಯೇ ನಿಂತಿತು. ಆ ಎರಡು ಚುಕ್ಕಿ ನನಗೆ ಹಾಲು ಕುಡಿದ ದಿನದಿಂದ ಗೊತ್ತು. ನನ್ನ ಅಪ್ಪ ಅಹ್ಮದಸಾಬ ಹಳೆಯ ಬಾಗಲಕೋಟೆಯಲ್ಲಿ ಮನೆ ಮನೆಗೆ ಹೋಗಿ ಚಾಕು, ಈಳಿಗೆ ಸಾಣೆ ಹಿಡಿಯುತ್ತಿದ್ದ. ಏನನ್ನೇ ಕೊಯ್ದರೂ ಅಂಚಿಗೆ ಅರ ಹಾಕದೆ ಕೊಡುತ್ತಿರಲಿಲ್ಲ, ಎರಡು ಚುಕ್ಕಿ ಹೊಡೆಯದೆ ಬಿಡುತ್ತಿರಲಿಲ್ಲ. ನಾಳೆ ಯಾರಾದರೂ ಕೆಲಸ ಕೆಟ್ಟಿದೆ ಎಂದು ಜಗಳಕ್ಕೆ ಬಂದರೆ ತನ್ನ ಕೆಲಸ ತನಗೆ ಗುರುತು ಸಿಗಬೇಕು ಅನ್ನುತ್ತಿದ್ದ. ಅಪ್ಪ ತೀರಿ ಹದಿನೈದು ವರ್ಷವಾಯಿತು.

ಜೊತೆಗೆ ಅಪ್ಪ ನಗುತ್ತ ಹೇಳುತ್ತಿದ್ದ ಒಂದು ಕಥೆಯೂ ನೆನಪಾಯಿತು. ದಾರೂ ಬಾಟಲಿ ತೆರೆಯುವ ತಿರುಪು ತನ್ನ ಮನೆಯ ಹೊಸ್ತಿಲು ದಾಟಬಾರದೆಂದು, ಹೊಸ ಪರದೇಶಿ ಚಾಕುವಿನ ತಿರುಪು ಕೊಯ್ಯಿಸಿದ, ಅಪ್ಪನ ಗಿರಾಕಿ ಜಾನಕಿಬಾಯಿಯ ಕಥೆ.

“ಏನಾತು?” ಅಂದರು ಮಯೂರಿ.

“ಹೆಸರು ಸಿಗತೈತ್ರಿ. ಸಂಜೀತನಕ ಟೈಮ್ ಕೊಡ್ರಿ.”

ಮುಚ್ಚುವ ಮೊದಲು ಕೊನೆಯದಾಗಿ ಹಿಡಿಯ ತುದಿ ನೋಡಿದೆ. ಹಲ್ಲುಕಡ್ಡಿ ಇರಬೇಕಾದ ಸೀಳಿನಲ್ಲಿ ಅದರ ಬದಲು ತಾಮ್ರದ ಚಪ್ಪಟೆ ಕಡ್ಡಿಯೊಂದು ಕೂತಿತ್ತು. ಹೊರಗೆ ಕಾಣುವ ಚೂರು ತುದಿ ಕಪ್ಪಾಗಿತ್ತು. ‘ಕಪ್ಪು ಕೊಳೆ’ ಎಂದು ವರದಿಯಲ್ಲಿ ಬರೆದಿದ್ದರು. ಹಲ್ಲುಕಡ್ಡಿ ಕಳೆದುಹೋದ ಮೇಲೆ ಯಾರೋ ತುರುಕಿರಬೇಕು ಎಂದು ನಾನೂ ಬಿಟ್ಟುಬಿಟ್ಟೆ. ಜಾನಕಿಬಾಯಿಯ ಹೆಸರು ತಲೆಯಲ್ಲಿ ಕುಣಿಯುತ್ತಿದ್ದಾಗ ತಾಮ್ರದ ತುಂಡು ಯಾರಿಗೆ ಬೇಕಿತ್ತು.

ಏಕೆಂದರೆ ಜಾನಕಿಬಾಯಿಗೆ ನಿತಿನನೆಂಬ ಮೊಮ್ಮಗನಿದ್ದಾನೆ. ಈ ಧಾರಾವಾಹಿಯನ್ನು ಓದುತ್ತ ಬಂದವರಿಗೆ ಗೊತ್ತು, ಪವರ್‌ಲೂಮ್ ಸೀರೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುತ್ತೀಯಾ ಎಂದು ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ರಾಜಕುಮಾರನ ಕಪಾಳಕ್ಕೆ ಬಾರಿಸಿದವನು ಅವನೇ.

ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಕೆರೂರಿನಲ್ಲಿ ಇಳಿದು ಬಸ್ಸು ಬದಲಿಸಿದೆ. ಅವತ್ತು ಸಂತೆ. ಬೆಳಿಗ್ಗೆ ಅಮ್ಮ ಒಂದು ಸುರ್ಮಾ ಕಡ್ಡಿ ತಾ ಎಂದು ಹೇಳಿದ್ದಳು. ಹಳೆಯದು ಕಳೆದಿದೆಯಂತೆ, ಬೆಂಕಿಕಡ್ಡಿಯಲ್ಲಿ ಹಚ್ಚಿಕೊಂಡು ಕಣ್ಣು ಉರಿಯುತ್ತಿದೆಯಂತೆ. ಜೊತೆಗೆ, ಸತ್ತವರ ಮೈಕೆಳಗೆ ಸಿಕ್ಕ ಚಾಕುವನ್ನು ಕೈಯಿಂದ ಮುಟ್ಟಬೇಡ, ಈ ಕೇಸೇ ಬೇಡ ಎಂದೂ ಹೇಳಿದ್ದಳು. ಮುದುಕರ ಹೆದರಿಕೆಗೆ ಯಾರು ಕಿವಿಗೊಡುತ್ತಾರೆ. ಸಂತೆಯಲ್ಲಿ ಬಳೆಯವಳ ಹತ್ತಿರ ಒಂದು ಹಿತ್ತಾಳೆಯ ಕಡ್ಡಿ ಕೊಂಡು ಜೇಬಿಗೆ ಹಾಕಿಕೊಂಡೆ.

ನವನಗರಕ್ಕೆ ಬಂದಾಗ ಎರಡು ಗಂಟೆ. ಹಳೆಯ ಬಾಗಲಕೋಟೆ ಅಣೆಕಟ್ಟೆಯ ಹಿನ್ನೀರಿಗೆ ಹೋದ ಮೇಲೆ ಜಾನಕಿಬಾಯಿಯವರು ಕಟ್ಟಿಸಿದ ಮನೆ. ಅಳತೆಪಟ್ಟಿ ಇಟ್ಟು ಎಳೆದಂಥ ಬೀದಿ, ಎಲ್ಲ ಗೇಟಿಗೂ ನಂಬರು. ಹಳೆಯ ಮನೆಯ ಕಟ್ಟೆ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಕೆಳಗೆ ನಿಂತು ಸಾಣೆ ಹಿಡಿದ ಈಳಿಗೆಯನ್ನು ಕಟ್ಟೆಯ ತುದಿಗೆ ಇಡಬೇಕು. ಜಾನಕಿಬಾಯಿ ಮೇಲಿನಿಂದ ಚೊಂಬಿನ ನೀರು ಸುರಿದು, ಆಮೇಲೆ ಎತ್ತಿಕೊಳ್ಳಬೇಕು. ಆ ನೀರು ಅಪ್ಪನ ಕಾಲಿಗೆ ಸಿಡಿಯುತ್ತಿತ್ತು. ಅಪ್ಪ ನಗುತ್ತಿದ್ದ. ನನಗೆ ಒಂದು ದಿನವೂ ನಗು ಬರಲಿಲ್ಲ.

ಆದ್ದರಿಂದ ಗೇಟು ತೆರೆಯುವಾಗ ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆ ಬಾಯಿಂದಲೇ ಆ ಮನೆಯ ಮೊಮ್ಮಗನ ಹೆಸರು ಹೇಳಿಸಬೇಕು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಂಗಿಯ ಜೇಬಿನಲ್ಲಿ ಮೊಬೈಲಿನ ರೆಕಾರ್ಡಿಂಗ್ ಒತ್ತಿಯೇ ಒಳಗೆ ಹೋದೆ.

ಜಾನಕಿಬಾಯಿಯ ಗಂಡ, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಪಂಢರೀನಾಥ ಆರಾಮಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಜಾನಕಿಬಾಯಿ ಗೋಡೆಗೊರಗಿ ಹೂಬತ್ತಿ ಹೊಸೆಯುತ್ತಿದ್ದರು. ಎಂಬತ್ತು ದಾಟಿದೆ, ಬೆನ್ನು ಮಾತ್ರ ನೆಟ್ಟಗಿದೆ.

“ಯಾರ ಮಗಾನೋ ನೀ?” ಅಂದರು.

“ಅಹ್ಮದಸಾಬರ ಮಗ್ರಿ. ಮತೀನ.”

“ಸಾಣಿ ಅಹ್ಮದಸಾಬ? ನಿಮ್ಮಪ್ಪ ಸಾಣಿ ಹಿಡದದ್ದು ಆರು ತಿಂಗಳು ಹೋಗ್ತಿತ್ತು. ಈಗಿನವರು ಹಿಡದದ್ದು ಆರು ದಿನಾ ಬಾಳೂದಿಲ್ಲ. ಕೂಡು, ಖುರ್ಚಿ ಮ್ಯಾಲೆ ಕೂಡು.”

ಕೂತೆ. ಚಹಾ ಬಂತು. ಪಂಢರೀನಾಥರಿಗೆ ಕೊಟ್ಟಂಥದೇ ಲೋಟದಲ್ಲಿ. ಕಾಲ ಬದಲಾಗಿತ್ತು, ನನ್ನ ಹೊಟ್ಟೆಯೊಳಗಿನ ನೀರು ಮಾತ್ರ ಆರಿರಲಿಲ್ಲ.

“ನಮ್ಮಪ್ಪ ಒಂದು ಮಾತು ಭಾಳ ಹೇಳ್ತಿದ್ರಿ ಬಾಯಾರ. ನೀವು ಪರದೇಶಿ ಚಾಕುವಿನ ತಿರುಪು ಕೊಯ್ಸಿದ್ರಂತ, ಖರೇ ಏನ್ರಿ?”

ಅವರ ಮುಖ ಅರಳಿತು. “ಅದನ್ನ ಇನ್ನೂ ಹೇಳ್ತಿದ್ನೇನು? ನಮ್ಮಣ್ಣ ಎಂಬತ್ತೆಂಟರಾಗ ಪರದೇಶಕ್ಕ ಹೋಗಿ ಬಂದಾಗ ತಂದದ್ದು. ಭಾಳ ಛಂದ ಇತ್ತು. ಬೆನ್ನಿಗೆ ಸುತ್ತಿದ ಕಡ್ಡಿ ಒಂದಿತ್ತು. ಇದೇನೋ ಅಂದೆ. ದಾರೂ ಬಾಟ್ಲಿ ಬೂಚು ತೆಗಿಯೂದು ಅಂದ. ಹೊಸ್ತಲಾ ದಾಟಸಲಿಲ್ಲ ನೋಡು. ಕಟ್ಟಿ ಮ್ಯಾಲೆ ಇಡಿಸಿ ನಿಮ್ಮಪ್ಪಗ ಹೇಳಿ ಕಳಿಸಿದೆ.”

“ನಾ ಅಂದೆ, ಅದು ಬರೇ ಲೋಖಂಡ, ಅದಕ್ಕೇನು ದಾರೂ ಗೊತ್ತು ಅಂತ,” ಅಂದರು ಪಂಢರೀನಾಥ ಪೇಪರಿನ ಹಿಂದಿನಿಂದ.

“ನೀವು ಅಡಿಗಿ ಮನಿಗೆ ಬರೂದು ಉಣ್ಣೂದಕ್ಕ ಅಷ್ಟ. ನಡಸಾಕಿ ನಾ ಇದ್ದೆ.”

ಮೊಬೈಲಿನಲ್ಲಿ ತೆಗೆದಿದ್ದ ಫೋಟೊ ತೋರಿಸಿದೆ. ಮಯೂರಿ ಮೇಡಂ ತೆಗೆದುಕೊಳ್ಳಲು ಬಿಟ್ಟಿದ್ದು ಒಂದೇ ಫೋಟೊ, ಮೋಟಿನದು. ಜಾನಕಿಬಾಯಿ ಕನ್ನಡಕ ಏರಿಸಿ ಹತ್ತಿರ ಹಿಡಿದು ನೋಡಿದರು.

“ಇದ. ಎರಡು ಚುಕ್ಕಿ ಅವ ನೋಡು. ಅಹ್ಮದಸಾಬನ ಕೈ.”

“ಇಡೀ ಬಾಗಲಕೋಟ್ಯಾಗ ಹಿಂಗ ಕೊಯ್ಸಿದ ಮನಿ ಇನ್ನೊಂದು ಇದ್ದೀತೇನ್ರಿ?”

“ಯಾರ ಕೊಯ್ಸತಾರ? ಎಲ್ಲಾರೂ ನಕ್ಕರು. ನಾ ಒಬ್ಬಾಕಿನ.”

ನಾನು ಚಹಾ ಮುಗಿಸಿದೆ, ಲೋಟ ಕೆಳಗಿಟ್ಟೆ. ಅವಸರ ಮಾಡಲಿಲ್ಲ. “ಈ ಚಾಕು ಶಿವಯೋಗ ಮಂದಿರದ ಕಡೆ ಹೊಳಿ ಉಸುಕಿನಾಗ ಸಿಕ್ಕೈತ್ರಿ,” ಅಂದೆ. “ರಾಜಕುಮಾರನ ಹೆಣದ ಬುಡಕ.”

ಪೇಪರು ಕೆಳಗಿಳಿಯಿತು. ಜಾನಕಿಬಾಯಿಯ ಬೆರಳಲ್ಲಿದ್ದ ಬತ್ತಿ ಹೊಸೆಯದೆ ಹಾಗೆಯೇ ಉಳಿಯಿತು.

“ನಿತಿನ ಎಲ್ಲಿದ್ದಾನ್ರಿ?”

“ಅಂವಾ ಕಾಲೇಜಿಗೆ ಹೋಗ್ಯಾ...” ಪಂಢರೀನಾಥ ಗೇಟಿನ ಕಡೆ ನೋಡಿದರು.

“ಬಸ್‌ಸ್ಟ್ಯಾಂಡಿನಾಗ ಹೊಡದಾಂವ ಅಂವನ ಅಲ್ರೀ? ನಿಮ್ಮ ಮನಿ ಚಾಕು ಅಂತ ನೀವ ಹೇಳೀರಿ, ಬಾಯಾರ. ನಾ ಹೇಳಿಸಿಲ್ಲ.” ಮೊಬೈಲು ತೆಗೆದು ಹಿಂದಕ್ಕೆ ಓಡಿಸಿ ಒತ್ತಿದೆ. ‘ನಾ ಒಬ್ಬಾಕಿನ’ ಎಂದು ಅವರ ದನಿಯೇ ಕೋಣೆಯಲ್ಲಿ ಕೇಳಿತು. ಇನ್ನೊಂದು ಸಲ ಒತ್ತಿದೆ. ಎರಡನೆಯ ಸಲ ಒತ್ತುವ ಅಗತ್ಯವಿರಲಿಲ್ಲ. ಆಮೇಲೆ ಮತ್ತೆ ರೆಕಾರ್ಡಿಂಗ್ ಹಚ್ಚಿ ಮೊಬೈಲನ್ನು ಅವರೆದುರಿಗೇ ನೆಲದ ಮೇಲಿಟ್ಟೆ, ಇನ್ನು ಮುಚ್ಚುಮರೆ ಯಾಕೆ ಎಂದು.

ಪಂಢರೀನಾಥರ ಕಣ್ಣಿಂದ ನೀರಿಳಿಯಿತು. ಎಂಬತ್ತಾರು ವರ್ಷದ ಮನುಷ್ಯ. ನಾನು ಅದನ್ನು ನೋಡುತ್ತ ಕೂತೆ, ಸಿಡಿದ ನೀರಿಗೆ ಲೆಕ್ಕ ಸರಿಹೋಯಿತು ಎಂದುಕೊಂಡೆ.

ಜಾನಕಿಬಾಯಿ ಮಾತ್ರ ಅಳಲಿಲ್ಲ. ಗೋಡೆ ಹಿಡಿದು ಎದ್ದರು, ಒಳಗೆ ಹೋದರು. ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದು ಬಂತು. ಹೊರಬಂದಾಗ ಅವರ ಕೈಯಲ್ಲಿ ಕೆಂಪಗಿನದೊಂದು ಇತ್ತು. ಕೆಳಗಿಡಲಿಲ್ಲ. ನನ್ನ ಅಂಗೈ ಹಿಡಿದು ಅದರೊಳಗೆ ಇಟ್ಟರು. ಅವರ ಬೆರಳು ತಣ್ಣಗಿದ್ದವು.

“ನೋಡು,” ಅಂದರು.

ಕೆಂಪು ಹಿಡಿ. ಕತ್ತರಿ. ತೂತಿರುವ ದಬ್ಬಳ. ಕೊಕ್ಕೆ ಇಲ್ಲ. ತಿರುಪಿನ ಜಾಗದಲ್ಲಿ ಉರುಟಾದ ಮೋಟು, ಮೋಟಿನ ಮೇಲೆ ಎರಡು ಚುಕ್ಕಿ. ಅಲಗಿನ ಬುಡದಲ್ಲಿ ಬಾಳೆಯ ಕರೆ ಒಣಗಿತ್ತು. ಹಲ್ಲುಕಡ್ಡಿ ಹಳದಿಯಾಗಿ, ತನ್ನ ಸೀಳಿನಲ್ಲೇ ಭದ್ರವಾಗಿ ಕೂತಿತ್ತು.

“ಮೂವತ್ತೇಳು ವರ್ಷ ಆತು, ಇದರಿಂದನ ಬಾಳಿ ಎಲಿ ಕೊಯ್ತೀನಿ. ನನ್ನ ಅಡಿಗಿ ಮನಿ ಬಿಟ್ಟು ಹೋಗಿಲ್ಲ. ನಿತಿನ ಇದನ್ನ ಮುಟ್ಟೂದಿಲ್ಲ, ಮುಟ್ಟಲಿಕ್ಕೆ ನಾ ಬಿಡೂದಿಲ್ಲ.”

“ಹಂಗಾರ ಇದು?” ನೆಲದ ಮೇಲಿದ್ದ ಮೊಬೈಲಿನಲ್ಲೇ ಫೋಟೊ ತೋರಿಸಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ನಮ್ಮಣ್ಣ ತಂದದ್ದು ಎರಡು. ಒಂದೂ ಹಂಗ ಇರಬಾರದು ಅಂತ ಎರಡೂ ಕೊಯ್ಸಿದೆ. ಕೂಲಿ ಏನು ಕೊಡಲಿ ಅಂದೆ ನಿಮ್ಮಪ್ಪಗ. ಕೂಲಿ ಬ್ಯಾಡ್ರಿ ಬಾಯಾರ, ಒಂದು ನನಗ ಕೊಡ್ರಿ ಅಂದ.”

ನಾನು ಅಂಗೈಯಲ್ಲಿದ್ದ ಚಾಕುವನ್ನು ಮಡಚಿದೆ.

“ಯಾಕೋ ಅಂದೆ. ನಮ್ಮ ಮನಿಯಾಕಿ ಕಸೂತಿ ಹಾಕ್ತಾಳ, ನೂಲು ಕತ್ತರಸಲಿಕ್ಕೆ ಸಣ್ಣ ಕತ್ರಿ ಬೇಕು ಅಂತ ಭಾಳ ದಿನದಿಂದ ಗಂಟು ಬಿದ್ದಾಳ ಅಂದ. ಅಲ್ಲೇ ಕಟ್ಟಿ ಕೆಳಗ ನಿಂತು ಹಲ್ಲಿನ ಕಡ್ಡಿ ಕಿತ್ತು ಒಗದ. ಈ ಸೀಳಿನಾಗ ಅಕಿ ಸುರ್ಮಾದ ಕಡ್ಡಿ ಬಡದು ಕೂಡಸ್ತೀನಿ, ಎರಡೂ ಒಂದ ಕಡೆ ಇರ್ತಾವ ಅಂತ ನಕ್ಕ. ಹೆಂಡತಿ ಮ್ಯಾಲೆ ಭಾಳ ಜೀವ ಇತ್ತು ಅವಗ.” ಅವರು ನನ್ನ ಮುಖ ನೋಡಿದರು. “ನಿನಗ ಯಾರೂ ಹೇಳಿಲ್ಲೇನು?”

ಜೇಬಿನಲ್ಲಿದ್ದ ಹೊಸ ಕಡ್ಡಿ ಎದೆಗೆ ಒತ್ತುತ್ತಿತ್ತು.

ನಾನು ಏಳಲು ಹೋದೆ. ಜಾನಕಿಬಾಯಿ ನೆಲದ ಮೇಲಿದ್ದ ಮೊಬೈಲಿನ ಕಡೆ ಬೆರಳು ತೋರಿಸಿದರು.

“ಇದೂ ಬಂತಲ್ಲಾ ಅದರಾಗ? ತಗೊಂಡು ಹೋಗು. ದಾರ್ಯಾಗ ಎರಡು ಸಲ ಒತ್ತಿ ಕೇಳು.”

ಕೆರೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ.

ಆ ತಾಮ್ರದ ಕಡ್ಡಿಯನ್ನು ಅಮ್ಮ ಕಣ್ಣಿಗೆ ಹಚ್ಚಿಕೊಳ್ಳುವಾಗ ಸಾವಿರ ಸಲ ನೋಡಿದ್ದೇನೆ. ಹಚ್ಚಿಕೊಂಡ ಮೇಲೆ ಅದು ಸೊಂಟದ ಪುಟ್ಟ ಬಟ್ಟೆ ಚೀಲ, ಬಟವಾದೊಳಗೆ ಹೋಗುತ್ತಿತ್ತು. ಬಟವಾದೊಳಗೆ ಅದು ಎಲ್ಲಿ ಕೂರುತ್ತಿತ್ತು ಎಂದು ಕೇಳಿದವನಲ್ಲ. ಹೆಂಗಸರ ಬಟವಾಕ್ಕೆ ಗಂಡುಮಕ್ಕಳು ಕೈಹಾಕಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಊರ ಮಂದಿಯ ಬೀಗವನ್ನೆಲ್ಲ ತೆರೆದ ನಾನು ಆ ಒಂದು ದಾರದ ಗಂಟನ್ನು ನಲವತ್ತಾರು ವರ್ಷ ಬಿಚ್ಚಿ ನೋಡಲಿಲ್ಲ.

ಅಮ್ಮ, ದಸ್ತಗೀರಬಿ, ಎಂಟು ವರ್ಷ ರಾಜಕುಮಾರನ ಅಂಗಡಿಗೆ ಕಸೂತಿ ಹಾಕಿಕೊಟ್ಟವಳು. ಹೋದ ವರ್ಷ ಕಣ್ಣು ಮಂಜಾಗಿ ಹೊಲಿಗೆ ದಾರಿ ತಪ್ಪಿದಾಗ ಅವನು ಸೀರೆಯನ್ನು ಗಿರಾಕಿಗಳೆದುರೇ ಅವಳ ಮುಖಕ್ಕೆ ಎಸೆದಿದ್ದ. ನಾನು ಜಗಳಕ್ಕೆ ಹೊರಟಾಗ, ಬೇಡ, ದೇವರು ನೋಡಿಕೊಳ್ಳುತ್ತಾನೆ ಎಂದು ತಡೆದವಳು ಅವಳೇ. ಮತ್ತೆ ರಾಜಕುಮಾರ ಹೆಣವಾದ ಆ ಗುರುವಾರ. ಕಣ್ಣಿನ ದವಾಖಾನೆಗೆಂದು ಬಾದಾಮಿಯ ಬಸ್ಸು ಹತ್ತಿಸಿದವನು ನಾನೇ. ಹತ್ತು ಗಂಟೆಗೆ ಹೋದವಳು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಂದವಳೇ ಸೀರೆ ಒಗೆದು ಹಾಕಿದ್ದಳು. ಬಸ್ಸಿನಲ್ಲಿ ಧೂಳು ಅಂದಿದ್ದಳು.

ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಾಕು ಕದ್ದಿರಬಹುದು, ಬಿದ್ದಿರಬಹುದು, ಬೇರೆಯವರಿಗೆ ಸಿಕ್ಕಿರಬಹುದು. ಹುಚ್ಚೇಶನ ತಾಯಿಯೂ ಇಪ್ಪತ್ತು ದಿನದಿಂದ ಇದನ್ನೇ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ.

ಮಯೂರಿ ಫೋನು ಮಾಡಿದರು. “ಹೆಸರು ಸಿಕ್ತೇನು?”

“ಇನ್ನೂ ಇಲ್ರಿ ಮೇಡಂ,” ಅಂದೆ. ಈ ಕೆಲಸ ಹಿಡಿದ ಮೇಲೆ ನಾನು ಆಡಿದ ಮೊದಲ ಸುಳ್ಳು ಅದು.

“ಸಿಗಲಿಲ್ಲ ಅಂದ್ರ ನಾ ಏನೂ ಮಾಡಲಿಕ್ಕೆ ಬರೂದಿಲ್ಲ ನೋಡ್ರಿ. ನಾಳೆ ಹನ್ನೊಂದಕ್ಕ ಆ ಹುಡುಗ ಹೋದ ಅಂತ ತಿಳೀರಿ.”

ಬಸ್‌ಸ್ಟ್ಯಾಂಡಿನಿಂದ ಮನೆಗೆ ಐದು ನಿಮಿಷದ ದಾರಿ. ಅದನ್ನು ಅರ್ಧ ಗಂಟೆ ನಡೆದೆ. ಯಾರೂ ಇಲ್ಲದ ಮನೆಯಲ್ಲಿ ಅಮ್ಮನನ್ನು ಕೂರಿಸಿ, ಬಾಗಿಲು ಹಾಕಿ, ಮೆಲ್ಲಗೆ ಕೇಳಬೇಕು ಎಂದುಕೊಂಡೆ. ಏನೇ ಹೇಳಿದರೂ ಅದು ನಾಲ್ಕು ಗೋಡೆಯೊಳಗೆ ಇರುತ್ತದೆ. ಜಾನಕಿಬಾಯಿಯ ದನಿಯನ್ನು ಅಳಿಸಿಹಾಕಲು ಒಂದು ಬೆರಳು ಸಾಕು.

ಆದರೆ ಮನೆಯ ಕಟ್ಟೆಯ ಮೇಲೆ ಕಾಳವ್ವ ಕೂತಿದ್ದಳು. ಅವಳ ಪಕ್ಕದಲ್ಲಿ ಅಮ್ಮ. ಇಬ್ಬರ ಕೈಯಲ್ಲೂ ಚಹಾದ ಕಪ್ಪು. ಕಾಳವ್ವ ನನ್ನನ್ನು ನೋಡಿ ಎದ್ದಳು, ಮತ್ತೆ ಕೂತಳು.

“ಅಂಗಡಿ ಮುಂದ ಅಳಾಕ ಬಂದಿಲ್ರಿ. ಆಣಿ ಮಾಡೇನಿ,” ಅಂದಳು. “ಬಸ್ ತಪ್ಪಿತು. ಬೀಬೀ ಕರದು ಕೂಡಿಸಿದ್ರು. ಯಾರದಂತ ಗೊತ್ತಾತೇನ್ರಿ?”

ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ನಮ್ಮ ಮನೆಯಲ್ಲಿ ಮಾತು ಉರ್ದು. ಅಮ್ಮ ನನ್ನ ಹತ್ತಿರ ಕನ್ನಡ ಆಡುವುದೇ ಇಲ್ಲ. ಅವತ್ತು ಕನ್ನಡದಲ್ಲೇ ಮಾತಾಡಿದಳು, ಕಾಳವ್ವನಿಗೆ ತಿಳಿಯಲಿ ಎಂದೇ.

“ಹೇಳಪ. ಮುಂಜಾನೆ ಅಕಿ ಮುಂದ ಆಣಿ ಮಾಡಿಯಂತ. ಯಾರ ಹೆಸರು ಬಂದ್ರೂ ಹೇಳ್ತೇನಿ ಅಂದಿಯಂತ. ನನ್ನ ಹೆಸರಿನ ಮ್ಯಾಲೆ ಮಾಡಿಯಂತಲ್ಲ ಆಣಿ.”

“ಅಮ್ಮಾ, ಒಳಗ ಬಾ.”

“ಒಳಗ ಯಾಕ? ಸುರ್ಮಾದ ಕಡ್ಡಿ ತಂದೇನು?”

ಅವಳು ಅಂಗೈ ಚಾಚಿದಳು. ಕಣ್ಣಂಚು ಕೆಂಪಾಗಿ ಊದಿತ್ತು. ಜೇಬಿನಿಂದ ಕಡ್ಡಿ ತೆಗೆದು ಅವಳ ಕೈಗಿಟ್ಟೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಅಮ್ಮ ಅದನ್ನು ಬೆಳಕಿಗೆ ಹಿಡಿದಳು, ಎರಡು ಬೆರಳ ನಡುವೆ ಹೊರಳಿಸಿ ದಪ್ಪ ನೋಡಿದಳು, ತಲೆಯಾಡಿಸಿದಳು.

“ಇದು ದಪ್ಪ ಆತು. ಆ ಸೀಳಿನಾಗ ಕೂಡೂದಿಲ್ಲ.”

ಕಾಳವ್ವ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ನನ್ನ ಮುಖ ನೋಡಿದಳು, ಆಮೇಲೆ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು.

“ಯಾವ ಸೀಳಿನಾಗ, ಬೀಬೀ?” ಅಂದಳು.